ಪ್ರಶ್ನೆ ನಿಮ್ಮದು: ಇಟಲಿಯ ಮನೆಯೊಳಗಿನ ಕೆಲಸ

(ಉತ್ತರಿಸುವವರು: ರೋಮ್‌ನಲ್ಲಿ ಬಹುಕಾಲ ವೃದ್ಧರ ಆರೈಕೆ ಮಾಡಿ, ಈಗ ಮಂಗಳೂರಿನಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ)

ಪ್ರಶ್ನೆ: ಅಕ್ಕಾ, ನಾನು ಮಂಗಳೂರಿನಲ್ಲಿ ಹೋಂ ನರ್ಸ್ ಆಗಿ ದುಡಿಯುತ್ತಿದ್ದೇನೆ. ರೋಮ್‌ನಲ್ಲಿರುವ ದೊಡ್ಡಮ್ಮನ ಮಗಳು ಅಲ್ಲಿ ಒಂದು ಮನೆಯಲ್ಲಿ ಕೆಲಸ ನೋಡಿದ್ದಾಳೆ. 86 ವರ್ಷದ ಅಜ್ಜಿ. ಕೋಲು ಹಿಡಿದು ನಡೆಯುತ್ತಾರೆ, ಆದರೆ ಸ್ನಾನಕ್ಕೆ, ಬಟ್ಟೆ ತೊಡಲು ಮತ್ತೊಬ್ಬರು ಬೇಕು. ಅವರ ಮಗ ವಿಡಿಯೊ ಕರೆಯಲ್ಲಿ, ‘ಊಟ, ವಸತಿ ನಮ್ಮದೇ, ನೀವು ನಮ್ಮ ಮನೆಯವರ ಹಾಗೆ ಇರಬಹುದು’ ಎಂದರು. ಗಂಟೆ, ರಜೆಯ ವಿಷಯ ಎತ್ತಲು ಬಾಯಿ ಬರಲಿಲ್ಲ. ಕೇಳಿದರೆ ತಪ್ಪು ತಿಳಿಯುತ್ತಾರೆಯೇ? ಅಲ್ಲಿನ ದಿನ ಹೇಗಿರುತ್ತದೆ?
— ಹೆಸರು ಬೇಡ, ಶಿರ್ವ

ಉತ್ತರ: ಕೇಳು ತಂಗಿ, ಧೈರ್ಯವಾಗಿ ಕೇಳು. ಅಲ್ಲಿ ಈ ಕೆಲಸ ಮಾಡುವವರನ್ನು ‘ಬದಾಂತೆ’ ಎನ್ನುತ್ತಾರೆ. ಮನೆಕೆಲಸದವರಿಗಾಗಿಯೇ ದೇಶಕ್ಕೆಲ್ಲ ಅನ್ವಯಿಸುವ ಒಪ್ಪಂದವೊಂದಿದೆ. ಮನೆಕೆಲಸಗಾರರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೂ ಇಟಲಿ 2013ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ನೀನು ಯಾರ ಬಳಿಯೂ ಉಪಕಾರ ಬೇಡುತ್ತಿಲ್ಲ.

ಮನೆಯಲ್ಲೇ ಉಳಿದು ದುಡಿಯುವವರಿಗೆ ವಾರಕ್ಕೆ ಹೆಚ್ಚೆಂದರೆ 54 ಗಂಟೆ, ದಿನಕ್ಕೆ ಹತ್ತು. ದಿನವೂ ಸತತ 11 ಗಂಟೆಯ ವಿಶ್ರಾಂತಿ ಸಿಗಬೇಕು. ವಾರದ ರಜೆ 36 ಗಂಟೆ: ಭಾನುವಾರ ಪೂರ್ತಿ, ಜೊತೆಗೆ ಮತ್ತೊಂದು ದಿನ ಅರ್ಧ. ರೋಮ್‌ನಲ್ಲಿ ಆ ಅರ್ಧ ದಿನ ವಾಡಿಕೆಯಂತೆ ಗುರುವಾರ ಮಧ್ಯಾಹ್ನ. ವರ್ಷಕ್ಕೆ 26 ದಿನ ಸಂಬಳಸಹಿತ ರಜೆ, ಡಿಸೆಂಬರ್‌ನಲ್ಲಿ ಹದಿಮೂರನೆಯ ತಿಂಗಳ ಸಂಬಳ, ಕೆಲಸ ಬಿಡುವಾಗ ಕೂಡಿಬಂದ ಇಡುಗಂಟು.

ಒಪ್ಪಂದದಲ್ಲಿ ಎರಡು ಕಡೆ ಕಣ್ಣಿಟ್ಟು ನೋಡು. ಮೊದಲನೆಯದು ದರ್ಜೆ. ತನ್ನ ಕೆಲಸ ತಾನೇ ಮಾಡಿಕೊಳ್ಳುವ ವೃದ್ಧರನ್ನು ನೋಡಿಕೊಂಡರೆ ‘ಬಿ ಸೂಪರ್’, ಸ್ನಾನಕ್ಕೂ ಬಟ್ಟೆಗೂ ಆಸರೆ ಬೇಕಾದವರನ್ನು ನೋಡಿಕೊಂಡರೆ ‘ಸಿ ಸೂಪರ್’. ನಿನ್ನ ಅಜ್ಜಿಯ ವಿವರ ಎರಡನೆಯದಕ್ಕೆ ಹೊಂದುತ್ತದೆ. ಸಂಬಳ ಅದರ ಮೇಲೆ ನಿಂತಿದೆ. ಎರಡನೆಯದು ಗಂಟೆ. ಕಾಗದದಲ್ಲಿ ವಾರಕ್ಕೆ 25 ಗಂಟೆ ಎಂದು ಬರೆದು ದಿನವಿಡೀ ದುಡಿಸಿಕೊಂಡು, ಉಳಿದ ಹಣವನ್ನು ಕೈಗೆ ಕೊಡುವ ಮನೆಗಳಿವೆ. ಆಗ ಕೈಗೆ ಬರುವ ಮೊತ್ತ ಕಡಿಮೆಯಾಗಲಿಲ್ಲವಲ್ಲ ಎಂದು ಸಮಾಧಾನಪಡಬೇಡ. ಪಿಂಚಣಿಯ ವಂತಿಗೆ, ಇಡುಗಂಟು, ಹದಿಮೂರನೆಯ ಸಂಬಳ ಎಲ್ಲವೂ ಕಾಗದದಲ್ಲಿರುವ ಗಂಟೆಯ ಲೆಕ್ಕಕ್ಕೇ ಬರುತ್ತವೆ. ವಾಸದ ಪರವಾನಗಿ ನವೀಕರಿಸುವಾಗ ನೋಡುವುದೂ ಕಾಗದದ ಆದಾಯವನ್ನೇ. ನನ್ನ ಗೆಳತಿಯೊಬ್ಬಳು ಇದರಿಂದ ಪಟ್ಟ ಪಾಡು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ದಿನಚರಿ. ಬೆಳಿಗ್ಗೆ ಮೊದಲು ಕಿಟಕಿಯ ಮಡಿಚುಪಟ್ಟಿಗಳನ್ನು ಮೇಲೆತ್ತಿ ಬೆಳಕು ತರುವುದು, ಮೋಕಾ ಪಾತ್ರೆಯಲ್ಲಿ ಕಾಫಿ ಏರಿಸುವುದು. ಅಜ್ಜಿಯಂದಿರು ಹಾಲು ಬೆರೆತ ಕಾಫಿಯಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಾರೆ. ಮಾತ್ರೆ, ರಕ್ತದೊತ್ತಡ, ಸ್ನಾನ, ಪೇಟೆ. ಒಂದು ಗಂಟೆಗೆ ಊಟ. ಆಮೇಲೆ ಎರಡು ಗಂಟೆ ಮನೆಯೆಲ್ಲ ನಿಶ್ಶಬ್ದ. ಅದು ನಿನಗೂ ವಿಶ್ರಾಂತಿಯ ಹೊತ್ತು, ಆಗ ಇಸ್ತ್ರಿ ಹಿಡಿದು ಕೂರಬೇಡ. ಇಸ್ತ್ರಿ ಬೇಕಾದಷ್ಟಿರುತ್ತದೆ, ಹಾಸಿಗೆಯ ಹೊದಿಕೆಗೂ ಇಸ್ತ್ರಿ ಬೇಕೆನ್ನುವ ಮನೆಗಳೇ ಹೆಚ್ಚು. ತಲೆ ಒದ್ದೆ ಇರುವಾಗ ಬಾಗಿಲಾಚೆ ಹೋದರೆ ನಿನಗೆ ಬೈಗುಳ ಖಂಡಿತ, ಗಾಳಿ ತಾಗಿ ಕಾಯಿಲೆ ಬೀಳುತ್ತಾರೆಂಬ ಭಯ ಅವರಿಗೆ ವಿಪರೀತ. ಅಜ್ಜಿಯನ್ನು ‘ಸಿನ್ಯೋರಾ’ ಎಂದೇ ಕರೆ, ನಮ್ಮ ‘ನೀವು’ ಎನ್ನುವಂಥ ಮರ್ಯಾದೆಯಲ್ಲೇ ಮಾತಾಡು. ಅವರಾಗಿ ಸಲಿಗೆ ಕೊಟ್ಟ ಮೇಲೆ ನೋಡೋಣ.

ರಾತ್ರಿಯ ಊಟ ಹಗುರ. ‘ಮಿನೆಸ್ತ್ರೀನಾ’ ಎಂಬುದನ್ನು ಕಲಿತುಬಿಡು, ಅರ್ಧ ಮನೆ ಗೆದ್ದ ಹಾಗೆ. ಒಂದು ಈರುಳ್ಳಿ, ಒಂದು ಕ್ಯಾರೆಟ್, ಒಂದು ದಂಟು ಸೆಲರಿ ಹಾಕಿ ಸಣ್ಣ ಉರಿಯಲ್ಲಿ ಗಂಟೆಗೂ ಹೆಚ್ಚು ಕುದಿಸು, ಸೋಸು. ಆ ತಿಳಿಯಲ್ಲಿ ನಕ್ಷತ್ರದಾಕಾರದ ಪುಟ್ಟ ಪಾಸ್ತಾ ಬೇಯಿಸಿ, ಒಲೆಯಿಂದ ಇಳಿಸಿದ ಮೇಲೆ ತುರಿದ ಪಾರ್ಮೆಸಾನ್ ಚೀಸ್ ಮತ್ತು ಆಲಿವ್ ಎಣ್ಣೆಯ ನಾಲ್ಕು ಹನಿ ಬಿಡು. ನಮ್ಮಲ್ಲಿ ಜ್ವರ ಬಂದವರಿಗೆ ಗಂಜಿ ಹೇಗೋ ಅವರಿಗೆ ಇದು ಹಾಗೆ. ಅಜ್ಜಿ ಬಟ್ಟಲು ಖಾಲಿ ಮಾಡಿದ ದಿನ ನಿನ್ನ ಮನಸ್ಸೂ ತುಂಬುತ್ತದೆ. ನಿನಗೆ ಬೇಕಾದ ಕುಚ್ಚಲಕ್ಕಿ ಸಿಗುವುದು ಕಷ್ಟ, ಆದರೆ ರೋಮ್‌ನ ತೆರ್ಮಿನಿ ನಿಲ್ದಾಣದ ಹತ್ತಿರದ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲಿ ಹುಣಸೆಹುಳಿ, ಹಸಿಮೆಣಸು, ಬಾಸ್ಮತಿ ಎಲ್ಲ ಇವೆ. ಗುರುವಾರದ ಅರ್ಧ ರಜೆಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಪ್ರಶ್ನೆ: ನನ್ನ ಮಗನನ್ನು ಇಟಲಿಗೆ ಕಳುಹಿಸಲು ಏಜೆಂಟರೊಬ್ಬರು ಒಂಬತ್ತು ಲಕ್ಷ ಕೇಳುತ್ತಿದ್ದಾರೆ. ತೋಟದ ಕೆಲಸದ ವೀಸಾದಲ್ಲಿ ಹೋಗಿ, ಆಮೇಲೆ ಮನೆಕೆಲಸಕ್ಕೆ ಬದಲಾಯಿಸಿಕೊಳ್ಳಬಹುದಂತೆ. ನಂಬಬಹುದೇ?
— ಒಬ್ಬ ತಂದೆ, ಬೆಳ್ತಂಗಡಿ

ಉತ್ತರ: ಬೇಡ, ಒಂದು ರೂಪಾಯಿಯನ್ನೂ ಕೊಡಬೇಡಿ. ಅಲ್ಲಿ ಸರ್ಕಾರ ಹೊರದೇಶದ ಕೆಲಸಗಾರರಿಗೆ ಇಂತಿಷ್ಟು ಜಾಗ ಎಂದು ಗೊತ್ತುಪಡಿಸುತ್ತದೆ. ಕೆಲಸ ಕೊಡುವವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ, ಅಲ್ಲಿನ ವಲಸೆ ಕಚೇರಿ ಒಪ್ಪಿಗೆ ಕೊಟ್ಟ ಮೇಲೆಯೇ ಇಲ್ಲಿ ವೀಸಾ. ಆ ಒಡೆಯನ ಹೆಸರು, ವಿಳಾಸ, ಒಪ್ಪಿಗೆಯ ಪ್ರತಿ ಕೇಳಿ. ಏಜೆಂಟರು ತಡವರಿಸಿದರೆ ಎದ್ದು ಬನ್ನಿ. ನಮ್ಮ ಕೇಂದ್ರ ಸರ್ಕಾರದಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ತೆರಿಗೆ, ಅದಕ್ಕೂ ರಸೀದಿ ಕೊಡಬೇಕು. ಸಾಲ ಮಾಡಿ ಹೋದ ಹುಡುಗರು ಕಾಗದವಿಲ್ಲದೆ ಸಿಕ್ಕಿದ ಕೂಲಿಗೆ ತೋಟಗಳಲ್ಲಿ ಬೆನ್ನು ಬಗ್ಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮಗನಿಗೆ ಅದು ಬರಬಾರದು.

ಪ್ರಶ್ನೆ: ಅಕ್ಕಾ, ನಾನು ಪಾದುವಾದಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುತ್ತಿದ್ದೇನೆ. ಅವರ ಮಗಳು ಒಳ್ಳೆಯವರು, ಆದರೆ ಪ್ರತಿ ಭಾನುವಾರವೂ ‘ಈ ವಾರ ಒಂದು ಸಲ’ ಎನ್ನುತ್ತಾರೆ. ನಾನು ಕೋಣೆಯಲ್ಲೇ ಇರುವುದರಿಂದ ಕರೆದಾಗ ಹೋಗಲೇಬೇಕಾಗುತ್ತದೆ. ರಾತ್ರಿಯೂ ಎರಡು ಮೂರು ಸಲ ಏಳುತ್ತೇನೆ. ಹೊರಗೆ ಹೋದರೂ ಎಲ್ಲಿಗೆ ಹೋಗಲಿ?
— ಒಬ್ಬ ಓದುಗರು

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಲ್ಲಿ ದುಡಿದ ನಮ್ಮವರಲ್ಲಿ ಬಳಲಿ ಬಿದ್ದವರೆಲ್ಲ ಕೆಟ್ಟ ಮನೆಗಳಲ್ಲಿದ್ದವರಲ್ಲ, ಒಳ್ಳೆಯ ಮನೆಗಳಲ್ಲಿದ್ದು ‘ಆಗುವುದಿಲ್ಲ’ ಎನ್ನಲಾಗದವರೂ ಇದ್ದರು. ರಜೆಯ ದಿನ ಕೋಣೆಯಲ್ಲಿ ಮಲಗಿದರೆ ಅದು ರಜೆಯಲ್ಲ. ಅಜ್ಜ ಕೆಮ್ಮಿದರೂ ನಿನ್ನ ಕಿವಿ ಅಲ್ಲೇ ಇರುತ್ತದೆ. ಹೊಸ್ತಿಲು ದಾಟು.

ಶನಿವಾರ ಸಂಜೆಯೇ ಮಗಳಿಗೆ ಹೇಳು: ‘ದೊಮಾನಿ ಸೊನೊ ಲಿಬೆರಾ’, ನಾಳೆ ನನಗೆ ರಜೆ. ಒಂಬತ್ತಕ್ಕೆ ಹೊರಡುತ್ತೇನೆ ಎಂದೂ ಹೇಳು. ಮಾತ್ರೆಯ ಡಬ್ಬಿ ತುಂಬಿಸಿ, ಸೂಪು ಫ್ರಿಜ್‌ನಲ್ಲಿಟ್ಟು ಹೊರಡು. ಕ್ಷಮೆ ಕೇಳಬೇಡ, ಕಾರಣ ಹೇಳಬೇಡ. ಯಾವುದೋ ತುರ್ತಿಗೆ ನಿಜವಾಗಿ ಉಳಿಯಬೇಕಾಗಿ ಬಂದರೆ ಭಾನುವಾರದ ದುಡಿಮೆಗೆ ಶೇ. 60ರಷ್ಟು ಹೆಚ್ಚುವರಿ ಕೂಲಿ, ಬದಲಿ ವಿಶ್ರಾಂತಿ ಎರಡೂ ನಿನಗೆ ಸಲ್ಲಬೇಕು.

ಎಲ್ಲಿಗೆ ಹೋಗಲಿ ಎನ್ನುತ್ತೀಯಲ್ಲ, ನಿನ್ನ ಊರಿನಲ್ಲೇ ಸಂತ ಅಂತೋನಿಯವರ ಮಹಾದೇವಾಲಯವಿದೆ! ಜೆಪ್ಪುವಿನ ಆಶ್ರಮಕ್ಕೆ ಹರಕೆ ಹೊತ್ತು ಹೋಗುವ ನಮ್ಮವರು ಅದನ್ನು ನೋಡಲು ಎಷ್ಟು ಹಂಬಲಿಸುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಪ್ರಾತೊ ದೆಲ್ಲಾ ವಾಲ್ಲೆ ಎಂಬ ವಿಶಾಲ ಚೌಕ, ಸುತ್ತ ಕಾಲುವೆ, ಕಲ್ಲಿನ ಪ್ರತಿಮೆಗಳು. ಎಷ್ಟು ಹೊತ್ತು ಕುಳಿತರೂ ಕೇಳುವವರಿಲ್ಲ. ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ವೆನಿಸ್. ವಾರದ ನಡುವಿನ ಅರ್ಧ ದಿನಕ್ಕೆ ‘ಸಿಪಿಐಎ’ ಎಂಬ ಸರ್ಕಾರಿ ವಯಸ್ಕರ ಶಾಲೆಯಲ್ಲಿ ಇಟಾಲಿಯನ್ ಕಲಿಯಲು ಹೆಸರು ಕೊಡು. ಐದು ವರ್ಷದ ನಂತರ ದೀರ್ಘಾವಧಿಯ ಪರವಾನಗಿ ಕೇಳುವಾಗ ಭಾಷೆಯ ಎ2 ಮಟ್ಟ, ಅಂದರೆ ದಿನಬಳಕೆಯ ಸರಳ ಮಾತಿನಷ್ಟು, ಬೇಕಾಗುತ್ತದೆ. ಅಲ್ಲಿ ಗೆಳತಿಯರೂ ಸಿಗುತ್ತಾರೆ.

ರಾತ್ರಿಯ ವಿಷಯಕ್ಕೆ ಒಂದು ನೋಟ್‌ಬುಕ್ ಇಡು. ಯಾವ ದಿನ, ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತಿಗೆ ಮತ್ತೆ ಮಲಗಿದೆ ಎಂದು ಬರೆ. ಎರಡು ವಾರದ ನಂತರ ಮಗಳಿಗೂ ಅಜ್ಜನ ವೈದ್ಯರಿಗೂ ತೋರಿಸು. ಎಷ್ಟೋ ಸಲ ಮಾತ್ರೆಯ ಹೊತ್ತು ಬದಲಿಸಿದರೇ ರಾತ್ರಿ ಶಾಂತವಾಗುತ್ತದೆ. ಆಗದಿದ್ದರೆ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗಿನ ಆರೈಕೆಗೆ ಒಪ್ಪಂದದಲ್ಲಿ ಬೇರೆಯೇ ಬಗೆಯ ನೇಮಕವಿದೆ, ಅದಕ್ಕೆ ಇನ್ನೊಬ್ಬರನ್ನು ಇಡಲಿ. ಮಾತಿಗೆ ಬಗ್ಗದಿದ್ದರೆ ನೋಟ್‌ಬುಕ್ಕನ್ನೂ ಒಪ್ಪಂದವನ್ನೂ ಹಿಡಿದು ಹತ್ತಿರದ ಕಾರ್ಮಿಕ ಸಂಘದ ಕಚೇರಿಗೆ ಹೋಗು. ಬಾಗಿಲಲ್ಲಿ ‘ಪತ್ರೋನಾತೊ’ ಎಂಬ ಫಲಕವಿರುವ ಕಡೆ ಅರ್ಜಿ, ಕಾಗದಪತ್ರಗಳಿಗೂ ನೆರವಾಗುತ್ತಾರೆ.