ಸಂಪಾದಕರ ಉತ್ತರ: 1948 ಅನ್ನು ಮರೆಯುವುದು ಬೇಡ, ಪೂರ್ತಿ ನೆನೆಯೋಣ

ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯ ಅಕ್ಕೋರೊಬ್ಬರ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರು ಬರೆದದ್ದರ ಸಾರ ಇಷ್ಟು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ, ಅಂದರೆ 1948ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ, ಅವರ ಶಾಲೆಯಲ್ಲಿ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ಮೇಲೆ ಒಂದು ಸಣ್ಣ ನಾಟಕ ಆಡಿಸುತ್ತಾರೆ. ಕಳೆದ ಬಾರಿ ರಜಾಕಾರನ ಪಾತ್ರ ಯಾರು ಮಾಡ್ತೀರಿ ಎಂದು ಕೇಳಿದಾಗ ಏಳನೇ ತರಗತಿಯ ಮಕ್ಕಳೆಲ್ಲ ಒಬ್ಬನೇ ಹುಡುಗನ ಕಡೆ ತಿರುಗಿ ನೋಡಿದರು. ಅವನು ಊರಿನ ಮುಸ್ಲಿಂ ಟೇಲರ್ ಮಗ. ಆ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ಅವನ ತಂದೆಯೇ. ಹುಡುಗ ತುಟಿ ಪಿಟಕ್ಕೆನ್ನದೆ ಪಾತ್ರ ಮಾಡಿದ. ಮರುದಿನ ಶಾಲೆಗೆ ಬರಲಿಲ್ಲ.

"ಎಪ್ಪತ್ತೈದು ವರ್ಷ ದಾಟಿತು. ಆಗಿನದ್ದು ಕಂಡವರು ಈಗ ಎಷ್ಟು ಜನ ಉಳಿದಿದ್ದಾರೆ? ದೇಶ ಇನ್ನೂ ಎಷ್ಟು ವರ್ಷ ಅಳಬೇಕು? ಸುಮ್ನೆ ಮರೆತುಬಿಟ್ಟರೆ ಆಗಲ್ವಾ?" ಎಂದು ಅಕ್ಕೋರು ಕೇಳಿದ್ದಾರೆ.

ಅಕ್ಕೋರೇ, ಶರಣು.

ಮೊದಲು ಆ ಹುಡುಗನ ಮಾತು. ಆ ನಾಟಕ ನಿಲ್ಲಿಸಿ. ಹೆಡ್ ಮಾಸ್ತರ್ ಒಪ್ಪದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಅವನ ಮನೆಗೆ ಒಮ್ಮೆ ನೀವೇ ಹೋಗಿ ಬನ್ನಿ. ಹನ್ನೆರಡು ವರ್ಷದ ಮಗುವಿಗೂ ರಜಾಕಾರರ ನಾಯಕ ಖಾಸಿಂ ರಜ್ವಿಗೂ ಯಾವ ಸಂಬಂಧವೂ ಇಲ್ಲ. ಇದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನಾನು ಹೂಂ ಅನ್ನಲಾರೆ. ನಾವು ಅತ್ತಿದ್ದು ಜಾಸ್ತಿಯಾಯಿತು ಎಂದು ನಿಮಗೆ ಅನ್ನಿಸಿದೆ. ನಾವು ಇನ್ನೂ ಅತ್ತೇ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಸೆಪ್ಟೆಂಬರ್ 17ರ ಬೆಳಿಗ್ಗೆ ಕಲಬುರಗಿಯಲ್ಲಿ ಏನು ನಡೆಯುತ್ತದೆ ನೋಡಿ. ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ, ಪರೇಡ್ ಮೈದಾನದಲ್ಲಿ ಧ್ವಜ, ಆಮೇಲೆ ಭಾಷಣ. ಭಾಷಣದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಇರುತ್ತದೆ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇರುತ್ತದೆ, ಹೊಸ ರಸ್ತೆ, ಹೊಸ ಆಸ್ಪತ್ರೆ ಇರುತ್ತವೆ. 2019ರಿಂದ ಆ ದಿನಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂದೇ ಹೆಸರು. ಉತ್ಸವ ಬೇಡ ಎನ್ನುವವನಲ್ಲ ನಾನು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಅದೇ ಬಾವುಟ ಹಿಡಿದವರು ಜೈಲಿಗೆ ಹೋದರು. ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯವನ್ನು ಸಂಭ್ರಮದಿಂದಲೇ ಆಚರಿಸಬೇಕು. ಆದರೆ ಅಷ್ಟು ದೊಡ್ಡ ಕಾರ್ಯಕ್ರಮದಲ್ಲಿ ಆ ವರ್ಷ ಸತ್ತವರ ಹೆಸರನ್ನು ಓದುವವರಿಲ್ಲ. ಅವರ ಊರಿನ ಹೆಸರೂ ಬರುವುದಿಲ್ಲ.

ಸತ್ತವರು ಯಾರು? ನಮ್ಮಲ್ಲಿ ಅರ್ಧ ಜನಕ್ಕೆ ಅರ್ಧ ಗೊತ್ತು, ಇನ್ನರ್ಧ ಜನಕ್ಕೆ ಇನ್ನರ್ಧ ಗೊತ್ತು. ಹಾಗಾಗಿ ಇಲ್ಲಿ ಎರಡನ್ನೂ ಬರೆಯುತ್ತೇನೆ.

ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರ ಪಡೆ 1947–48ರಲ್ಲಿ ಊರೂರು ನುಗ್ಗಿತು. ಸುಲಿಗೆ, ಬೆಂಕಿ, ಅತ್ಯಾಚಾರ, ಕೊಲೆ. ಜನ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಸೊಲ್ಲಾಪುರದ ಕಡೆ, ವಿಜಯಪುರದ ಕಡೆ ಗಡಿ ದಾಟಿದರು. ಗಡಿಯಲ್ಲಿ ಶಿಬಿರ ಹೂಡಿ ಹೋರಾಡಿದವರಿದ್ದಾರೆ. ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದದ್ದು ಎಲ್ಲಕ್ಕಿಂತ ಘೋರ. ಅಲ್ಲಿ ಇನ್ನೂರರಷ್ಟು ಜನರನ್ನು ಕೊಂದರು ಎನ್ನುತ್ತಾರೆ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮನೆಗೆ ಹಚ್ಚಿದ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡರು. ಆಗ ಅವರಿನ್ನೂ ಸಣ್ಣ ಹುಡುಗ. 2024ರಲ್ಲಿ ಮಹಾರಾಷ್ಟ್ರದ ಚುನಾವಣೆ ಬಂದಾಗ ಆ ಸಾವನ್ನೂ ಪ್ರಚಾರದ ವೇದಿಕೆಗೆ ಎಳೆದು ತಂದರು. ಒಬ್ಬರ ಮನೆಯ ಸಾವನ್ನು ಅವರನ್ನೇ ಹಣಿಯಲು ಬಳಸುವುದು ಯಾವ ಪಕ್ಷಕ್ಕೂ ಒಳ್ಳೆಯದಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ನಮ್ಮ ಹಿರಿಯರು ಇದನ್ನು ಪೊಲೀಸ್ ಆ್ಯಕ್ಷನ್ ಎಂದೇ ಕರೆಯುವುದು. ಪಾಠದ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಸಾವು ಅಲ್ಲಿಗೆ ಮುಗಿಯಲಿಲ್ಲ. ಆ ದಿನಗಳಲ್ಲಿ ಮತ್ತು ಆಮೇಲಿನ ವಾರಗಳಲ್ಲಿ ಊರೂರುಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ರಜಾಕಾರರ ನೆರಳೂ ತಾಕದ ರೈತರು, ನೇಕಾರರು, ಹೆಂಗಸರು ಸತ್ತರು. ನೆಹರೂ ಅವರು ಪಂಡಿತ್ ಸುಂದರಲಾಲ್ ಅವರ ಮುಂದಾಳತ್ವದಲ್ಲಿ ಒಂದು ತಂಡ ಕಳಿಸಿದರು. ಆ ತಂಡ 1948ರ ನವೆಂಬರ್, ಡಿಸೆಂಬರ್‌ನಲ್ಲಿ ಸುತ್ತಾಡಿ ಕೊಟ್ಟ ಅಂದಾಜಿನ ಪ್ರಕಾರ ಸತ್ತವರು ಕಡಿಮೆ ಎಂದರೂ 27,000ದಿಂದ 40,000. ಅತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಹೆಸರು ಬರೆದರು. ಈ ನಾಲ್ಕರಲ್ಲೇ 18,000 ಎಂದರು. ಅದರಲ್ಲಿ ಎರಡು ನಮ್ಮವು ಅಕ್ಕೋರೇ. ಈ ಲೆಕ್ಕ ಜಾಸ್ತಿಯಾಯಿತು ಎಂದು ವಾದಿಸುವವರಿದ್ದಾರೆ. ವಾದಿಸಲಿ. ಆದರೆ ವರದಿಯನ್ನೇ ದಶಕಗಳ ಕಾಲ ಹೊರಗೆ ಬಿಡದೆ ಇಟ್ಟಿದ್ದಕ್ಕೆ ಯಾರೂ ಒಳ್ಳೆಯ ಕಾರಣ ಕೊಟ್ಟಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಒಂದು ಊರಿನಲ್ಲಿ ಮುಸ್ಲಿಂ ನೇಕಾರರ ಮೇಲೆ ಗುಂಪು ಏರಿ ಬಂದಾಗ ಹಿಂದೂ ನೇಕಾರರು ಅಡ್ಡ ನಿಂತರು. ಉಳಿಸುವುದಕ್ಕೆ ಹೋಗಿ ಅವರಲ್ಲೇ ಕೆಲವರು ಜೀವ ಬಿಟ್ಟರು. ಮಗ್ಗ ಹಿಡಿದ ಕೈಗಳು ಇನ್ನೊಂದು ಮಗ್ಗದ ಮನೆಯವರನ್ನು ಕಾಯ್ದವು. ಆ ನೇಕಾರರಿಗೆ ನಮ್ಮ ಯಾವ ಸರ್ಕಲ್‌ನಲ್ಲೂ ಒಂದು ಕಲ್ಲು ಇಲ್ಲ.

ಪತ್ರಕರ್ತನಾಗಿ ನಾನು ಇನ್ನೊಂದು ಹೆಸರು ಹೇಳಲೇಬೇಕು. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದವರು ಶೋಯಬುಲ್ಲಾ ಖಾನ್. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದರು. 1948ರ ಆಗಸ್ಟ್‌ನಲ್ಲಿ ರಜಾಕಾರರು ಅವರನ್ನು ಕೊಂದರು. ಬರೆದ ಕೈಯನ್ನು ಕಡಿದರು. ನಿಮ್ಮ ಶಾಲೆಯ ಮಕ್ಕಳಿಗೆ ಈ ಒಂದು ಹೆಸರು ಗೊತ್ತಿದ್ದಿದ್ದರೆ ಅವತ್ತು ಅವರ ಕಣ್ಣು ಅಷ್ಟು ಸಲೀಸಾಗಿ ಒಬ್ಬನ ಕಡೆ ಹೋಗುತ್ತಿತ್ತಾ?

ಎರಡನ್ನೂ ಒಟ್ಟಿಗೆ ಬರೆದರೆ ಎರಡೂ ಕಡೆಯವರು ಸಿಟ್ಟಾಗುತ್ತಾರೆ ಎಂದು ನನಗೆ ಗೊತ್ತು. ಮೇ ತಿಂಗಳ ಗೋರಟಾ ಹೇಳಿದರೆ ಒಬ್ಬರಿಗೆ ಮುನಿಸು, ಸೆಪ್ಟೆಂಬರ್ ನಂತರದ್ದು ಹೇಳಿದರೆ ಇನ್ನೊಬ್ಬರಿಗೆ. ಒಂದು ಸಾವಿನಲ್ಲಿ ಇನ್ನೊಂದನ್ನು ಕಳೆದು ಲೆಕ್ಕ ಚುಕ್ತಾ ಮಾಡಲು ಬರುವುದಿಲ್ಲ. ಎರಡೂ ನಮ್ಮ ಜಿಲ್ಲೆಯ ಸಾವು, ಎರಡೂ ನಮ್ಮ ಜನ.

ಈಗ ಮರೆಯುವ ವಿಚಾರ. ಸ್ಪೇನ್ ದೇಶ ಇದನ್ನು ಮಾಡಿ ನೋಡಿತು. ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸತ್ತ ಮೇಲೆ ಅಲ್ಲಿನ ಪಕ್ಷಗಳು ಅಂತರ್ಯುದ್ಧದ ಮಾತನ್ನು ಎತ್ತುವುದೇ ಬೇಡ ಎಂದುಕೊಂಡವು. 1977ರಲ್ಲಿ ಎಲ್ಲರಿಗೂ ಕ್ಷಮೆಯ ಕಾನೂನು ಬಂತು. ಕೆಲವು ವರ್ಷ ನೆಮ್ಮದಿ ಸಿಕ್ಕಿರಬಹುದು. ಆದರೆ 2000ದ ನಂತರ ಮೊಮ್ಮಕ್ಕಳು ರಸ್ತೆ ಬದಿಯ ಗುಂಡಿ ಅಗೆದು ಅಜ್ಜಂದಿರ ಮೂಳೆ ಹುಡುಕತೊಡಗಿದರು. 2007ರಲ್ಲಿ ಸರ್ಕಾರವೇ ನೆನಪಿಗೊಂದು ಕಾನೂನು ತರಬೇಕಾಯಿತು.

ನಮ್ಮಲ್ಲಿ ಯಾರೂ ಹಾಗೆ ಒಪ್ಪಂದ ಮಾಡಿಕೊಂಡಿಲ್ಲ. ಆದರೂ ಬಹಿರಂಗವಾಗಿ ಹೇಳದ ಮಾತು ಮನೆಯೊಳಗೆ ಉಳಿದಿದೆ. ಒಂದು ಮನೆಯ ಮಗು ಅಜ್ಜಿಯ ಬಾಯಲ್ಲಿ ಮೇ ತಿಂಗಳ ಕಥೆ ಮಾತ್ರ ಕೇಳಿ ಬೆಳೆಯುತ್ತದೆ. ಎರಡು ಓಣಿ ಆಚೆಯ ಮಗು ಸೆಪ್ಟೆಂಬರ್ ಕಥೆ ಮಾತ್ರ ಕೇಳುತ್ತದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಇಬ್ಬರಿಗೂ ತಮ್ಮವರಷ್ಟೇ ಸತ್ತರು ಎಂಬ ನಂಬಿಕೆ. ಇದನ್ನು ಮನೆಯೊಳಗೆ ಯಾರೂ ಸರಿಮಾಡಲಾರರು. ಊರ ನಡುವೆ, ಎಲ್ಲರ ಎದುರು ಹೇಳಿದಾಗಲೇ ಆ ಇಬ್ಬರಿಗೂ ಪೂರ್ತಿ ಕಥೆ ಸಿಗುವುದು. ಬಹಿರಂಗ ಶೋಕ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜಪಾನಿನ ಹಿರೋಷಿಮಾದಲ್ಲಿ ಪ್ರತಿ ಆಗಸ್ಟ್ 6ರಂದು, ಬೆಳಿಗ್ಗೆ 8.15ಕ್ಕೆ, ಬಾಂಬು ಬಿದ್ದ ಗಳಿಗೆಗೆ ಗಂಟೆ ಬಾರಿಸಿ ಮೌನವಾಗಿ ನಿಲ್ಲುತ್ತಾರೆ. ಸ್ಮಾರಕದೊಳಗೆ ಸತ್ತವರ ಹೆಸರಿನ ಪುಸ್ತಕಗಳಿವೆ. ಬದುಕುಳಿದಿದ್ದವರು ತೀರಿಕೊಂಡ ಹಾಗೆ ವರ್ಷ ವರ್ಷ ಹೊಸ ಹೆಸರು ಸೇರಿಸುತ್ತಾರೆ. ಆದರೆ ಅಲ್ಲೂ ಮೊದಲಿಗೇ ಎಲ್ಲವೂ ಸರಿಯಿರಲಿಲ್ಲ. ಆ ಬಾಂಬಿಗೆ ಸಾವಿರಾರು ಕೊರಿಯನ್ನರೂ ಸತ್ತಿದ್ದರು. ಜಪಾನ್ ಆಳುತ್ತಿದ್ದ ಕೊರಿಯಾದಿಂದ ಬಂದವರು ಅವರು, ಎಷ್ಟೋ ಜನರನ್ನು ಬಲವಂತದಿಂದ ದುಡಿಮೆಗೆ ತಂದಿದ್ದರು. 1970ರಲ್ಲಿ ಅವರಿಗಾಗಿ ಒಂದು ಕಲ್ಲು ನಿಲ್ಲಿಸಿದಾಗ ಅದು ನಿಂತಿದ್ದು ಶಾಂತಿ ಉದ್ಯಾನದ ಹೊರಗೆ. ಒಳಗೆ ಬಂದಿದ್ದು 1999ರಲ್ಲಿ. ಬೇಲಿಯ ಆಚೆಯಿಂದ ಈಚೆಗೆ ಬರಲು ಒಂದು ಕಲ್ಲಿಗೆ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ಹಿರೋಷಿಮಾ ಅಳುವುದನ್ನು ನಿಲ್ಲಿಸಿಬಿಟ್ಟಿದ್ದರೆ ಆ ಕಲ್ಲು ಇವತ್ತಿಗೂ ಹೊರಗೇ ಇರುತ್ತಿತ್ತು.

ಅಷ್ಟು ದೂರ ಯಾಕೆ, ನಮ್ಮ ಹಳ್ಳಿಯ ಮೊಹರಂ ಇಲ್ವಾ? ಪ್ರವಾದಿಯವರ ಮೊಮ್ಮಗ ಹುಸೇನರನ್ನು ಯಜೀದನ ಸೇನೆ ಕೊಂದ ಕರ್ಬಲಾ ಕದನ ನಡೆದದ್ದು 680ರಲ್ಲಿ. ಇವತ್ತಿಗೂ ಚಂದ್ರ ಕಂಡ ಮೇಲೆ ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಪೀರಲ ದೇವರು ಕೂರುತ್ತಾರೆ. ಹಿಂದೂಗಳ ಮನೆಯಲ್ಲೂ ಚಿತ್ತಾರದ ಮಣೆಯ ಮೇಲೆ ಒತ್ತಿ ಬೆಲ್ಲದ ಚೊಂಗೆ ಮಾಡುತ್ತಾರೆ. ಹರಕೆ ಹೊತ್ತ ಮಕ್ಕಳು ಫಕೀರರಾಗುತ್ತಾರೆ. ಕತ್ತಲ ರಾತ್ರಿ ಗೆಜ್ಜೆ ಕಟ್ಟಿದವರು ಹುಸೇನರು ನೀರಿಲ್ಲದೆ ಒದ್ದಾಡಿದ್ದನ್ನು ಕನ್ನಡದಲ್ಲಿ ಹಾಡುತ್ತಾರೆ, ಕೇಳುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಇದು ನಡೆಯುತ್ತದೆ. ಇನ್ನೂ ಎಷ್ಟು ವರ್ಷ ಅಳಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಯಜೀದನ ಕಡೆಯವರು ಯಾರು ಎಂದು ಯಾರೂ ಪಕ್ಕದವನ ಮುಖ ನೋಡುವುದೂ ಇಲ್ಲ. ಸತ್ತವರು ತಮ್ಮ ಜಾತಿಯವರಾ, ಧರ್ಮದವರಾ ಎಂದು ನೋಡದೆ ಅಳುವುದನ್ನು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಿಲ್ಲ. 1948ಕ್ಕೂ ಹಾಗೇ ಅಳಬಹುದು.

ಕೇಂದ್ರ ಸರ್ಕಾರ 2021ರಲ್ಲಿ ಆಗಸ್ಟ್ 14 ಅನ್ನು ವಿಭಜನೆಯ ಕರಾಳ ನೆನಪಿನ ದಿನ ಎಂದು ಘೋಷಿಸಿತು. ಅದಕ್ಕೂ ನನ್ನ ಮಾತು ಇದೇ. ದಿನ ಇರಲಿ. ಆದರೆ ಲಾಹೋರಿನಲ್ಲಿ ಸತ್ತವರ ಜೊತೆಗೆ ಅಮೃತಸರದಲ್ಲಿ ಸತ್ತವರಿಗೂ ಅವತ್ತು ದೀಪ ಹಚ್ಚಬೇಕು. ಅಷ್ಟು ಮಾಡಲು ಆಗದಿದ್ದರೆ ಆ ದಿನ ಹಳೆಯ ಗಾಯಕ್ಕೆ ಉಪ್ಪು ಹಚ್ಚುತ್ತದೆ.

ನಿಮ್ಮ ಶಾಲೆಯಲ್ಲಿ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಾಟಕದ ಬದಲು ಮಕ್ಕಳಿಗೆ ಒಂದು ಹಾಳೆ ಕೊಡಿ. ಮನೆಯ ಹಿರಿಯರನ್ನು ಕೇಳಿ ಬರಲಿ. ಆ ವರ್ಷ ನಮ್ಮ ಊರಲ್ಲಿ ಯಾರು ಸತ್ತರು? ಯಾರು ಊರು ಬಿಟ್ಟು ಹೋದರು? ಯಾರು ಯಾರನ್ನು ಮನೆಯೊಳಗೆ ಬಚ್ಚಿಟ್ಟು ಕಾಪಾಡಿದರು? ಮೂರನೇ ಪ್ರಶ್ನೆ ಮರೆಯಬೇಡಿ. ಅದಕ್ಕೆ ನಮ್ಮ ಭಾಗದ ಹಳ್ಳಿಗಳಲ್ಲಿ ಉತ್ತರ ಸಿಕ್ಕೇ ಸಿಗುತ್ತದೆ. ಕೊಂದವರ ಹೆಸರು ಬೇಡ. ಅವರ ಮೊಮ್ಮಕ್ಕಳೂ ನಿಮ್ಮ ಶಾಲೆಯಲ್ಲೇ ಓದುತ್ತಿರಬಹುದು. ಸೆಪ್ಟೆಂಬರ್ 17ರಂದು ಧ್ವಜ ಏರಿಸಿದ ಮೇಲೆ ಆ ಹೆಸರುಗಳನ್ನು ಮಕ್ಕಳೇ ಓದಲಿ. ಹಿಂದೂ ಹೆಸರಿನ ಮುಂದೆ ಮುಸ್ಲಿಂ ಹೆಸರು, ಅದರ ಮುಂದೆ ಇನ್ನೊಂದು, ಊರಲ್ಲಿ ಸತ್ತ ಹಾಗೇ. ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲಲಿ. ಆಮೇಲೆ ಲಾಡು ಹಂಚಿ, ಅದೂ ಬೇಕು.

ಆ ಹಾಳೆಗಳ ಒಂದೊಂದು ಪ್ರತಿ ನಮಗೆ ಕಳಿಸಿ. ಬೀದರ್, ಕಲಬುರಗಿ, ಯಾದಗಿರಿಯ ಬೇರೆ ಶಾಲೆಗಳವರೂ ಕಳಿಸಬಹುದು. ಊರು, ಸತ್ತವರ ಹೆಸರು, ಹೇಳಿದವರ ವಯಸ್ಸು ಇದ್ದರೆ ಸಾಕು. ನಾಯಕರ ಫೋಟೊ, ಶುಭಾಶಯದ ಜಾಹೀರಾತು ಆ ಪುಟಗಳಲ್ಲಿ ಹಾಕುವುದಿಲ್ಲ. ಎಷ್ಟು ಹೆಸರು ಬಂದರೆ ಅಷ್ಟು ಪುಟ ಬಿಡುತ್ತೇವೆ. ಆಗಸ್ಟ್ ಕೊನೆಯೊಳಗೆ ಕೈಗೆ ಸಿಕ್ಕರೆ ಸೆಪ್ಟೆಂಬರ್ ಸಂಚಿಕೆಗೇ ಸೇರುತ್ತವೆ, ತಡವಾದವು ಅಕ್ಟೋಬರ್‌ನಲ್ಲಿ ಬರುತ್ತವೆ.