ಐವತ್ತು ಜನರ ಮದುವೆಗೆ 70-200 ಲೆನ್ಸ್ ಬೇಕಾ?

ದಾವಣಗೆರೆಯಲ್ಲಿ ಗೆಳೆಯನ ಮದುವೆ, ಮನೆ ಮುಂದೆಯೇ ಚಪ್ಪರ, ಐವತ್ತು ಜನ. ನಿಮ್ಮ ಹತ್ರ ಇರೋದು ಹಳೇ ನಿಕಾನ್ ಡಿ5300, ಅದರ ಜೊತೆ ಬಂದ 18-55 ಲೆನ್ಸ್. ಸಾಲ ಮಾಡಿ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ, ದೂರದ್ದನ್ನು ಹತ್ತಿರ ತೋರಿಸುವ 70-200 ಜೂಮ್ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಬೇಡ. ನಾನು ದಾವಣಗೆರೆ, ಹರಿಹರ ಕಡೆ ಹೆಚ್ಚಾಗಿ ಇಂಥ ಸಣ್ಣ ಮದುವೆಗಳ ಫೋಟೋನೇ ತೆಗೆಯುತ್ತೇನೆ. ದೊಡ್ಡ ಕಲ್ಯಾಣ ಮಂಟಪದಲ್ಲಿ ಸ್ಟೇಜ್ ದೂರ ಇರುತ್ತದೆ, ಅಲ್ಲಿ ದೊಡ್ಡ ಜೂಮ್‌ಗೆ ಕೆಲಸ ಇದೆ. ಮನೆ ಚಪ್ಪರದಲ್ಲಿ ಮದುಮಗಳು ನಾಲ್ಕು ಅಡಿ ದೂರದಲ್ಲಿ ಕೂತಿರುತ್ತಾಳೆ. 70-200 ಹಾಕಿದರೆ ಹಿಂದೆ ಸರಿದು ಸರಿದು ಅಡುಗೆಯವರ ಒಲೆ ಹತ್ರ ಹೋಗಿ ನಿಲ್ಲಬೇಕಾಗುತ್ತದೆ. ಎಫ್/2.8ರ (ಈ ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ) ಹಳೇ ಮಾಡೆಲ್ ಆದರೆ ಲೆನ್ಸ್ ಒಂದೇ ಸುಮಾರು ಒಂದೂವರೆ ಕೆಜಿ. ಅದನ್ನು ತಿರುಗಿಸಿದ ಕೂಡಲೇ, ಆರಾಮಾಗಿ ಹರಟೆ ಹೊಡೆಯುತ್ತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತುಬಿಡುತ್ತಾರೆ.

ನಿಮ್ಮ ಕ್ಯಾಮೆರಾನೇ ಇರಲಿ. ಅದರ ಬಟನ್ ಎಲ್ಲಿವೆ ಅಂತ ನಿಮ್ಮ ಬೆರಳಿಗೆ ಗೊತ್ತು, ಅದು ಸಣ್ಣ ಮಾತಲ್ಲ. ಒಂದು 35 ಎಂಎಂ ಎಫ್/1.8 ಡಿಎಕ್ಸ್ (ನಿಮ್ಮದರಂಥ ಸಣ್ಣ ಸೆನ್ಸರ್ ಕ್ಯಾಮೆರಾಗೆ ಮಾಡಿದ) ಲೆನ್ಸ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಜೊತೆಗೆ ಬಂದ 18-55 ಕಿಟ್ ಲೆನ್ಸ್ ಅದೇ 35ಕ್ಕೆ ಬಂದಾಗ ಎಫ್/4.5ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ 1.8ರಲ್ಲಿ ಸುಮಾರು ಆರು ಪಟ್ಟು ಬೆಳಕು ಜಾಸ್ತಿ. ಕೊಳ್ಳುವಾಗ ಎಎಫ್-ಎಸ್ (ಫೋಕಸ್ ಮೋಟಾರ್ ಲೆನ್ಸ್ ಒಳಗೇ ಇರುವ ಬಗೆ) ಅಂತ ಇದೆಯಾ ನೋಡಿ. ಡಿ5300 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸ್ ಕೈಯಲ್ಲೇ ಮಾಡಬೇಕು. ಗುಂಪಿನ ಫೋಟೋಗೆ 18-55 ಇದ್ದೇ ಇದೆ.

ಲೆನ್ಸ್‌ಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಚಪ್ಪರದ ಬಗ್ಗೆ. ಕೆಂಪು-ಹಳದಿ ಶಾಮಿಯಾನ ಹಾಕಿದ್ದರೆ ಬಿಸಿಲು ಆ ಬಟ್ಟೆಯೊಳಗಿಂದ ಸೋಸಿ ಬಂದು ಎಲ್ಲರ ಮುಖಕ್ಕೂ ಅದೇ ಬಣ್ಣ ಬಳಿಯುತ್ತದೆ. ಅರಿಶಿಣ ಹಚ್ಚಿದ ಕೆನ್ನೆ ಯಾವುದು, ಬಟ್ಟೆಯ ಬಣ್ಣ ಯಾವುದು ಅಂತಾನೇ ಗೊತ್ತಾಗಲ್ಲ. ಲಕ್ಷಗಟ್ಟಲೆ ಕ್ಯಾಮೆರಾ ತಂದರೂ ಅಷ್ಟೇ. ತೆಂಗಿನ ಗರಿ ಚಪ್ಪರವಾದರೆ ಇನ್ನೊಂದು ಕಾಟ: ಮೂಗಿನ ಮೇಲೊಂದು ಬಿಸಿಲಿನ ಚುಕ್ಕಿ, ಹಣೆ ಮೇಲೊಂದು. ಹಸೆಮಣೆ ಬರುವ ಕಡೆ ಮೇಲೆ, ಬಣ್ಣದ ಬಟ್ಟೆ ಇದ್ದರೆ ಅದರ ಬದಲಿಗೆ, ಬಿಳಿ ಬಟ್ಟೆ ಕಟ್ಟಿಸೋಕೆ ಗೆಳೆಯನಿಗೆ ಮೊದಲೇ ಹೇಳಿ. ಹಳೇ ಬಿಳಿ ಪಂಚೆ ಆದರೂ ನಡೆಯುತ್ತದೆ. ಫೋಟೋ ರಾ ಫೈಲ್‌ನಲ್ಲೇ (ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಫೈಲ್) ತೆಗೆಯಿರಿ, ಬಣ್ಣ ಆಮೇಲೆ ತಿದ್ದಲು ಅನುಕೂಲ.

ಮನೆಯೊಳಗಿನ ಶಾಸ್ತ್ರಗಳಿಗೆ ಎಲ್‌ಇಡಿ ಬಲ್ಬ್ ಬೆಳಕೇ ಗತಿ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಅಗ್ಗದ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/100 ಸೆಕೆಂಡಿನಲ್ಲಿಟ್ಟರೆ ಫೋಟೋದಲ್ಲಿ ಅಡ್ಡಪಟ್ಟೆ ಬರೋದು ತಪ್ಪುತ್ತದೆ. ಸೂರು ಬಿಳಿ ಇದ್ದು, ಕ್ಯಾಮೆರಾ ಮೇಲೆ ಕೂರಿಸುವ ಬೇರೆ ಫ್ಲ್ಯಾಶ್ ಇದ್ದರೆ ಅದನ್ನು ಮೇಲಕ್ಕೆ ತಿರುಗಿಸಿ ಹೊಡೆಯಬಹುದು. ತಾಳಿ ಕಟ್ಟಿದ ಮೇಲೆ ಹರಿಹರದ ಹರಿಹರೇಶ್ವರ ಗುಡಿಗೆ ದರ್ಶನಕ್ಕೆ ಹೋದರೆ ಆ ಆಟ ನಡೆಯಲ್ಲ. ಹೊಯ್ಸಳರ ಕಾಲದ ಕಪ್ಪು ಕಲ್ಲು ಬೆಳಕು ವಾಪಸ್ ಕೊಡಲ್ಲ. ಜೋಡಿಯನ್ನು ಹೊರಗಿನ ಬೆಳಕು ಬೀಳುವ ಕಂಬದ ಹತ್ರ ನಿಲ್ಲಿಸಿಕೊಳ್ಳಿ.

ಗಟ್ಟಿಮೇಳ ಶುರುವಾದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ, ಅರ್ಧ ಜನ ಮೊಬೈಲ್ ಎತ್ತುತ್ತಾರೆ. ಆಗ ಜಾಗ ಹುಡುಕಿದರೆ ಬರೀ ಬೆನ್ನುಗಳೇ ಸಿಗೋದು. ಬೆಳಿಗ್ಗೆಯೇ ಹೋಗಿ "ಅಯ್ಯನವರೇ, ತಾಳಿ ಕಟ್ಟುವಾಗ ನಿಮ್ಮ ಪಕ್ಕ ಕೆಳಗೆ ಕೂತ್ಕೊಳ್ತೀನಿ" ಅಂತ ಕೇಳಿಕೊಳ್ಳಿ. ಹಗಲು ಬೆಳಕಿದ್ದರೆ ಶಟರ್ 1/500ಕ್ಕೆ ಏರಿಸಿ, ಅಕ್ಕಿಕಾಳು ಗಾಳಿಯಲ್ಲೇ ನಿಂತ ಹಾಗೆ ಬರುತ್ತವೆ.

ಇನ್ನೊಂದು ವಿಷಯ. ಡಿ5300ರಲ್ಲಿ ಕಾರ್ಡ್ ಹಾಕುವ ಜಾಗ ಒಂದೇ. ಕಾರ್ಡ್ ಕೈಕೊಟ್ಟರೆ ಎಲ್ಲಾ ಹೋದಂತೆ. ಎರಡು-ಮೂರು ಸಣ್ಣ ಕಾರ್ಡ್ ಇಟ್ಟುಕೊಂಡು ಶಾಸ್ತ್ರಕ್ಕೊಂದರಂತೆ ಬದಲಿಸಿ. ಊಟಕ್ಕೆ ಕೂರುವ ಮೊದಲು ತಾಳಿ ಫೋಟೋ ಲ್ಯಾಪ್‌ಟಾಪ್‌ಗೆ ಹಾಕಿಬಿಡಿ. ಮಿಕ್ಕ ದುಡ್ಡಿಗೆ ಒಂದು ಜಾಸ್ತಿ ಬ್ಯಾಟರಿ ಬರುತ್ತದೆ.