ಗಾಡಿ ಎಡಕ್ಕೆ ಎಳೆದರೆ ಟ್ರಿಮ್ ಮುಟ್ಟಬೇಡಿ: ಆರ್‌ಸಿ ರೇಸ್ ಕಾರು, ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 1:10 ಅಳತೆಯ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಟೂರಿಂಗ್ ಕಾರುಗಳ ಬಗ್ಗೆ. ಅಂದರೆ 190 ಮಿ.ಮೀ. ಅಗಲದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಡಾಂಬರು ಅಥವಾ ಕಾರ್ಪೆಟ್ ಮೇಲೆ ಓಡಿಸುವ ಗಾಡಿಗಳು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ತಮಿಯಾ ಟಿಟಿ-02 ಕಿಟ್ ತರಿಸೇನಿ. ಇನ್ನೂ ಜೋಡಿಸಿಲ್ಲ. ಗೆಳೆಯರು ಮೊದಲ ಅಲ್ಯುಮಿನಿಯಂ ತೋಳು, ಹಬ್ ಹಾಕು ಅಂತಾರ. ಖರೇನೇ ಏನೇನು ಬದಲ ಮಾಡಬೇಕು?
— ಕೇಶ್ವಾಪುರ, ಹುಬ್ಬಳ್ಳಿ

ಅಲ್ಯುಮಿನಿಯಂ ಸದ್ಯಕ್ಕೆ ಬೇಡ. ಪ್ಲಾಸ್ಟಿಕ್ ತೋಳು (ಚಕ್ರವನ್ನು ಚಾಸಿಗೆ ಕೂಡಿಸುವ ಭಾಗ) ಗುದ್ದಿದಾಗ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಇಲ್ಲವೇ ತಾನು ಮುರಿದು ಉಳಿದದ್ದನ್ನು ಉಳಿಸುತ್ತದೆ. ಲೋಹದ ತೋಳು ಹಾಕಿದರೆ ಅದೇ ಪೆಟ್ಟು ನೇರ ಚಾಸಿಗೆ ಇಳಿಯುತ್ತದೆ. ತೋಳು ಅಗ್ಗ, ಚಾಸಿ ಅಲ್ಲ.

ಮೊದಲ ಖರ್ಚು ಬೇರಿಂಗಿಗೆ. ಸಾದಾ ಕಿಟ್‌ನಲ್ಲಿ ಚಕ್ರಗಳು ಪ್ಲಾಸ್ಟಿಕ್ ಬುಶ್ (ಗುಂಡುಗಳಿಲ್ಲದ ಸಾದಾ ಬಳೆ) ಮೇಲೆ ತಿರುಗುತ್ತವೆ. ಹುಬ್ಬಳ್ಳಿಯ ಕೆಂಪು ಧೂಳು ಅದರೊಳಗೆ ಹೊಕ್ಕರೆ ಅರದಂತೆ ತಿಕ್ಕಿ ಬುಶ್ ಸಡಿಲಾಗುತ್ತದೆ, ಆಮೇಲೆ ಚಕ್ರ ಅಲ್ಲಾಡುತ್ತದೆ. ಬುಶ್ ಕೈಗೆತ್ತಿಕೊಂಡು ವರ್ನಿಯರ್‌ನಿಂದ ಅಳೆಯಿರಿ. ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿ.ಮೀ. ಇದ್ದರೆ ಬೇರಿಂಗ್ ಅಂಗಡಿಯಲ್ಲಿ ಅದು ಎಂಆರ್115. 10, 15, 4 ಇದ್ದರೆ 6700. ಆರ್‌ಸಿ ಅಂಗಡಿಯನ್ನೇ ಹುಡುಕುತ್ತ ಕೂರಬೇಕಿಲ್ಲ, ಸಂಖ್ಯೆ ಹೇಳಿದರೆ ಸಣ್ಣ ಬೇರಿಂಗ್ ಇಡುವ ಯಾವ ಅಂಗಡಿಯವರೂ ತೆಗೆದುಕೊಡುತ್ತಾರೆ ಅಥವಾ ತರಿಸಿಕೊಡುತ್ತಾರೆ. ಸಂಖ್ಯೆಯ ಕೊನೆಗೆ ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಮುಚ್ಚಳ. ನಮ್ಮ ಕಡೆಯ ಧೂಳಿಗೆ ರಬ್ಬರಿನದೇ ತೆಗೆದುಕೊಳ್ಳಿ. ತುಸು ಬಿಗಿ ತಿರುಗಿದರೂ ಬಾಳಿಕೆ ಬರುತ್ತದೆ.

ಎರಡನೆಯದು ಎಣ್ಣೆ ತುಂಬುವ ಶಾಕ್. ಸಾದಾ ಕಿಟ್‌ನಲ್ಲಿ ಬರುವುದು ಬರೀ ಸ್ಪ್ರಿಂಗ್, ಒಳಗೆ ತಿಕ್ಕಾಟದ ಪ್ಲಾಸ್ಟಿಕ್ ದಂಡ. ಅದರಲ್ಲಿ ಟ್ಯೂನ್ ಮಾಡಲು ಏನೂ ಇಲ್ಲ. ಇವೆರಡು ಆದ ಮೇಲೆ ಒಂದು ಸೆಟ್ ಒಳ್ಳೆಯ ರಬ್ಬರ್ ಟೈರು ತಗೊಂಡು ಎರಡು ತಿಂಗಳು ಓಡಿಸಿ. ಮೋಟರ್ ಮಾತು ಆಮೇಲೆ.

ಜೋಡಿಸುವಾಗ ಎರಡು ಎಚ್ಚರ. ಕಿಟ್‌ನ ಸ್ಕ್ರೂ ತಲೆ ಸಾದಾ ಪ್ಲಸ್‌ನಂತೆ ಕಂಡರೂ ಅದು ಜಪಾನಿನ ಜೆಐಎಸ್ ಅಳತೆಯದು. ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲೆದ್ದು ತಲೆ ಗುಂಡಗೆ ಮಾಡುತ್ತದೆ. ಇನ್ನೊಂದು, ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂ ಬಿಚ್ಚಿ ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಸ್ಕ್ರೂ ‘ಟಕ್’ ಅಂತ ಒಂದು ಹೆಜ್ಜೆ ಕೆಳಗೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಆಟೆ (ಸ್ಕ್ರೂ ಕೊರೆದ ಸುರುಳಿ ಗೆರೆ) ಸಿಕ್ಕಿತು ಅಂತ ಅರ್ಥ, ಅಲ್ಲಿಂದ ಬಿಗಿ ಮಾಡಿ. ಹಾಗೆ ಮಾಡದಿದ್ದರೆ ಪ್ರತಿ ಸಲ ಹೊಸ ಆಟೆ ಕೊರೆದು ನಾಲ್ಕನೇ ಸಲಕ್ಕೆ ತೂತು ಬೋಳಾಗುತ್ತದೆ. ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಚ್ಚುವ ಅಂಟು) ಲೋಹಕ್ಕೆ ಲೋಹ ಕೂಡುವಲ್ಲಿ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಅದು ಬಿರುಕು ಬಿಡುತ್ತದೆ.

ಪೂರ್ತಿ ಥ್ರಾಟಲ್ ಕೊಟ್ಟಾಗ ಗಾಡಿ ಎಡಕ್ಕ ಎಳೀತೈತಿ. ರಿಮೋಟ್‌ನ್ಯಾಗ ಬಲಕ್ಕ ಟ್ರಿಮ್ ಕೊಟ್ರ ನೆಟ್ಟಗ ಹೋಗ್ತೈತಿ, ಆದ್ರ ಥ್ರಾಟಲ್ ಬಿಟ್ಟ ಕೂಡ್ಲೆ ಬಲಕ್ಕ ಹೊಳ್ಳತೈತಿ. ಸರ್ವೋ ಕೆಟ್ಟದೇನು? ಗಾಡಿ ಕಾರ್ಬನ್ ಫೈಬರ್‌ದು, ಬೆಲ್ಟಿನದು.
— ಸಪ್ತಾಪುರ, ಧಾರವಾಡ

ಸರ್ವೋ, ಅಂದರೆ ಮುಂದಿನ ಚಕ್ರಗಳನ್ನು ಎಡ ಬಲ ತಿರುಗಿಸುವ ಪುಟ್ಟ ಮೋಟರ್, ಕೆಟ್ಟಿಲ್ಲ. ನೀವು ಬರೆದ ಎರಡನೇ ವಾಕ್ಯದಲ್ಲೇ ಉತ್ತರ ಇದೆ. ಸ್ಟಿಯರಿಂಗ್ ತಪ್ಪಿದ್ದರೆ ಗಾಡಿ ಥ್ರಾಟಲ್ ಇದ್ದಾಗಲೂ ಇಲ್ಲದಾಗಲೂ ಒಂದೇ ಕಡೆ ಎಳೆಯಬೇಕಿತ್ತು. ಶಕ್ತಿ ಕೊಟ್ಟಾಗ ಮಾತ್ರ ಎಳೆಯುವುದೆಂದರೆ ನಾಲ್ಕು ಚಕ್ರಗಳ ಮೇಲೆ ಭಾರ ಸಮನಾಗಿ ಕೂತಿಲ್ಲ. ಚಾಸಿ ತಿರುಚಿಕೊಂಡಿದೆ. ಇದಕ್ಕೆ ರೇಸಿನವರು ‘ಟ್ವೀಕ್’ ಅನ್ನುತ್ತಾರೆ. ಟ್ರಿಮ್, ಅಂದರೆ ಗಾಡಿ ನೆಟ್ಟಗೆ ಹೋಗಲು ರಿಮೋಟ್‌ನಲ್ಲಿ ಕೊಡುವ ಸಣ್ಣ ತಿದ್ದುಪಡಿ, ಮೊದಲು ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು ಯಾವುದು ಯಾವುದೆಂದು ತಿಳಿಯುವುದಿಲ್ಲ.

ಬೇಕಾದದ್ದು ಒಂದು ದಪ್ಪ ಗಾಜು, 30×45 ಸೆಂ.ಮೀ., 8 ಮಿ.ಮೀ. ದಪ್ಪ. ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ ತನ್ನಿ. ಮನೆಯ ಫರ್ಸಿ ಕಣ್ಣಿಗೆ ಸಮ ಕಂಡರೂ ಈ ಕೆಲಸಕ್ಕೆ ನಡೆಯುವುದಿಲ್ಲ. ಸ್ಪಿರಿಟ್ ಲೆವೆಲ್ ಇಟ್ಟು, ಕೆಳಗೆ ಕಾಗದದ ಮಡಿಕೆ ತುರುಕಿ ಗಾಜನ್ನು ಸಮ ಮಾಡಿ.

ಬಾಡಿ ತೆಗೆದು, ಬ್ಯಾಟರಿ ಇದ್ದ ಹಾಗೆಯೇ ಗಾಡಿಯನ್ನು ಅದರ ಮೇಲಿಡಿ. ಎರಡು ಸಲ ಕೆಳಗೊತ್ತಿ ಬಿಡಿ, ತಾನಾಗಿ ಕೂರಲಿ. ಈಗ ಮುಂದಿನ ಬಂಪರ್‌ನ ನಟ್ಟನಡುವೆ ಚಾಸಿಯ ಕೆಳಗೆ ಚಾಕುವಿನ ತುದಿ ಇಟ್ಟು ನಿಧಾನ ಎತ್ತಿ. ಮುಂದಿನ ಎರಡೂ ಟೈರು ಒಂದೇ ಗಳಿಗೆಗೆ ಗಾಜು ಬಿಡಬೇಕು. ಒಂದು ಎದ್ದಾಗ ಇನ್ನೊಂದು ಇನ್ನೂ ಅಂಟಿಕೊಂಡಿದ್ದರೆ ಟ್ವೀಕ್ ಇದೆ. ಹಿಂದೆಯೂ ಹೀಗೆಯೇ.

ಆದರೆ ಈ ಪರೀಕ್ಷೆ ನಂಬಬೇಕಾದರೆ ಮೊದಲು ಮೂರು ವಿಷಯ ಸರಿ ಇರಬೇಕು. ನಾಲ್ಕೂ ಶಾಕ್‌ಗಳ ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ತೂತುಗಳ ನಡುವಿನ) ಉದ್ದ, ಎಡ ಬಲ ಜೋಡಿಗೆ, 0.2 ಮಿ.ಮೀ. ಒಳಗೆ ಒಂದೇ ಇರಲಿ. ಡ್ರೂಪ್, ಅಂದರೆ ಚಕ್ರ ಕೆಳಗೆ ಇಳಿಯುವ ಮಿತಿ, ಎಡ ಬಲ ಸಮ ಇರಲಿ. ಆಂಟಿ ರೋಲ್ ಬಾರ್‌ಗಳ (ತಿರುವಿನಲ್ಲಿ ಗಾಡಿ ವಾಲದಂತೆ ಎಡ ಬಲ ಚಕ್ರಗಳನ್ನು ಕೂಡಿಸುವ ತಂತಿ) ಲಿಂಕ್ ಒಂದು ಬದಿ ಬಿಚ್ಚಿಡಿ. ಲಿಂಕ್ ಬಿಚ್ಚಿದ ಕೂಡಲೇ ಟ್ವೀಕ್ ಮಾಯವಾದರೆ ಬಾರ್ ಬಾಗಿದೆ, ಗಾಜಿನ ಮೇಲಿಟ್ಟು ನೆಟ್ಟಗೆ ಮಾಡಿ ಅಥವಾ ಲಿಂಕ್ ಉದ್ದ ಸರಿಪಡಿಸಿ. ಬಹಳ ಗಾಡಿಗಳ ರೋಗ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಮೇಲಿನ ಡೆಕ್‌ನ (ಚಾಸಿಯ ಮೇಲ್ಭಾಗದ ಹಲಗೆ) ಎಲ್ಲ ಸ್ಕ್ರೂಗಳನ್ನೂ ಅರ್ಧ ಸುತ್ತು ಸಡಿಲಿಸಿ. ಶಾಕ್, ಚಕ್ರ ಬಿಚ್ಚಿ ಕೆಳಗಿನ ಚಾಸಿ ಗಾಜಿಗೆ ಪೂರ್ತಿ ಅಂಟುವಂತೆ ಅಂಗೈಯಿಂದ ಒತ್ತಿ ಹಿಡಿದು, ಸ್ಕ್ರೂಗಳನ್ನು ಎದುರುಬದರು ಮೂಲೆಗಳಲ್ಲಿ ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ತುದಿಯಿಂದ ಸಾಲಾಗಿ ಬಿಗಿ ಮಾಡುತ್ತ ಹೋದರೆ ಡೆಕ್ ತಿರುಚಿಕೊಳ್ಳುತ್ತದೆ. ಬಹುಶಃ ನಿಮ್ಮ ಗಾಡಿಗೆ ಆದದ್ದೂ ಅದೇ. ಗೋಡೆಗೆ ಗುದ್ದಿದ ನಂತರವೂ ಇದನ್ನೇ ಮಾಡಬೇಕು.

ಉಳಿದ ಕೂದಲೆಳೆ ವ್ಯತ್ಯಾಸಕ್ಕೆ ಸ್ಪ್ರಿಂಗ್ ಕಾಲರ್, ಅಂದರೆ ಸ್ಪ್ರಿಂಗ್ ಒತ್ತಿ ಹಿಡಿಯುವ ಬಳೆ, ಇದೆ. ತಡವಾಗಿ ಎದ್ದ ಚಕ್ರದ ಕಾಲರ್ ಕಾಲು ಸುತ್ತು ಸಡಿಲಿಸಿ, ಅದರ ಜೋಡಿಯದನ್ನು ಕಾಲು ಸುತ್ತು ಬಿಗಿ ಮಾಡಿ. ಪೂರ್ತಿ ಒಂದು ಸುತ್ತಿಗಿಂತ ಹೆಚ್ಚು ಬೇಕಾಯಿತೆಂದರೆ ಕಾಲರ್‌ನಿಂದ ಮುಚ್ಚಿಹಾಕುತ್ತಿದ್ದೀರಿ, ಮತ್ತೆ ಡೆಕ್‌ಗೆ ಹೋಗಿ.

ಶಾಫ್ಟ್ ಗಾಡಿಯವರಿಗೆ (ಬೆಲ್ಟಿನ ಬದಲು ದಂಡದಿಂದ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ಒಂದು ಮಾತು: ಉದ್ದುದ್ದ ಶಾಫ್ಟ್ ತಿರುಗುವ ಎದುರೇಟಿಗೆ ಗಾಡಿ ಒಮ್ಮೆಲೇ ಥ್ರಾಟಲ್ ಕೊಟ್ಟಾಗ ತುಸು ಒಂದು ಬದಿಗೆ ವಾಲುವುದು ಸಹಜ. ಅದನ್ನು ಟ್ವೀಕ್ ಅಂದುಕೊಂಡು ಬಿಚ್ಚಬೇಡಿ.

ಟಿಟಿ-02ಕ್ಕ 3900 ಕೆವಿ ಬ್ರಷ್‌ಲೆಸ್ ಮೋಟರ್ ಹಾಕೇನಿ. ಸ್ಪರ್ 68, ಪಿನಿಯನ್ 27. ಐದು ನಿಮಿಷಕ್ಕ ಮುಟ್ಟಾಕ ಆಗಲಾರದಷ್ಟು ಕಾಯ್ತೈತಿ. ಫ್ಯಾನ್ ಹಾಕಿದ್ರ ಸಾಕೇನ್ರಿ?
— ಬೆಟಗೇರಿ, ಗದಗ

ಫ್ಯಾನ್ ಸಾಲದು. ಲೆಕ್ಕ ನೋಡಿ. ಪಿನಿಯನ್ ಅಂದರೆ ಮೋಟರಿನ ಸಣ್ಣ ಗೇರು, ಸ್ಪರ್ ಅಂದರೆ ಅದು ತಿರುಗಿಸುವ ದೊಡ್ಡ ಗೇರು, ಅಂಕಿಗಳು ಹಲ್ಲಿನ ಎಣಿಕೆ. ಕೆವಿ ಅಂದರೆ ಒಂದು ವೋಲ್ಟ್‌ಗೆ ಮೋಟರ್ ನಿಮಿಷಕ್ಕೆ ತಿರುಗುವ ಸುತ್ತು. ಈ ಚಾಸಿಯ ಒಳಗಿನ ಅನುಪಾತ 2.6. 68 ಭಾಗಿಸು 27, ಗುಣಿಸು 2.6 ಅಂದರೆ 6.55. ಮೋಟರ್ 6.55 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 7.4 ವೋಲ್ಟ್‌ಗೆ ನಿಮ್ಮ ಮೋಟರ್ ಭಾರವಿಲ್ಲದೆ ನಿಮಿಷಕ್ಕೆ ಸುಮಾರು 28,860 ಸುತ್ತು. 63 ಮಿ.ಮೀ. ವ್ಯಾಸದ ಟೈರಿನ ಸುತ್ತಳತೆ 198 ಮಿ.ಮೀ. ಹಾಗಾದರೆ ಕಾಗದದ ಮೇಲಿನ ವೇಗ ಗಂಟೆಗೆ 52 ಕಿ.ಮೀ. ನೀವು ಓಡಿಸುವುದು 20 ಮೀಟರ್ ನೇರ ದಾರಿಯಲ್ಲಿ ಎಂದು ಪತ್ರದಲ್ಲಿ ಬರೆದಿದ್ದೀರಿ. ಆ ವೇಗ ಮುಟ್ಟುವ ಮೊದಲೇ ತಿರುವು ಬರುತ್ತದೆ. ಮೋಟರ್ ಸದಾ ಕಡಿಮೆ ಸುತ್ತಿನಲ್ಲಿ ತಿಣುಕುತ್ತ ಹೆಚ್ಚು ಆಂಪ್ ಎಳೆಯುತ್ತದೆ, ಆ ಕರೆಂಟೇ ಕಾವು. ನಾಲ್ಕನೇ ಗೇರಿನಲ್ಲಿ ಬೈಕು ದಿಣ್ಣೆ ಹತ್ತಿಸಿದಂತೆ.

ಕಿಟ್‌ನ 70 ಸ್ಪರ್, 22 ಪಿನಿಯನ್‌ಗೆ ಮರಳಿ. ಅನುಪಾತ 8.27, ವೇಗ ಸುಮಾರು 41. ನಿಮ್ಮ ಜಾಗದಲ್ಲಿ ಸುತ್ತಿನ ಸಮಯ ಕಡಿಮೆಯೇ ಆಗುತ್ತದೆ, ಏಕೆಂದರೆ ತಿರುವಿನಿಂದ ಗಾಡಿ ಜಿಗಿದು ಬರುತ್ತದೆ. ಆಮೇಲೆ ಒಂದೊಂದೇ ಹಲ್ಲು ಪಿನಿಯನ್ ಏರಿಸಿ (23ಕ್ಕೆ 7.91), ಐದು ನಿಮಿಷ ಓಡಿಸಿ, ಮೋಟರ್ ಡಬ್ಬಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. 70 ಡಿಗ್ರಿಯವರೆಗೆ ನಿಶ್ಚಿಂತೆ. 80 ದಾಟಿದರೆ ಒಂದು ಹಲ್ಲು ಹಿಂದೆ. ಹೆಚ್ಚು ಕಾದರೆ ರೋಟರ್‌ನ ಆಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಅದು ಮರಳುವುದಿಲ್ಲ. ಏಪ್ರಿಲ್‌ನಲ್ಲಿ ಹೊರಗೇ 39 ಡಿಗ್ರಿ ಇರುವಾಗ ಜನವರಿಯ ಪಿನಿಯನ್ ನಡೆಯುವುದಿಲ್ಲ ಎಂಬುದೂ ನೆನಪಿರಲಿ.

ಪಿನಿಯನ್ ಕೊಳ್ಳುವಾಗ 0.6 ಮಾಡ್ಯೂಲ್ (ಗೇರಿನ ಹಲ್ಲಿನ ಅಳತೆ) ಕೇಳಿ. 48 ಪಿಚ್ ಎಂಬುದು ಕಣ್ಣಿಗೆ ಅದೇ ತರಹ ಕಂಡರೂ ಅದು 0.53 ಮಾಡ್ಯೂಲ್. ಕೂಡಿಸಿದರೆ ಎರಡೇ ಬ್ಯಾಟರಿಯಲ್ಲಿ ಸ್ಪರ್ ಹಲ್ಲು ಉದುರುತ್ತದೆ. (64 ಪಿಚ್ ಮತ್ತು 0.4 ಮಾಡ್ಯೂಲ್ ಮಾತ್ರ ಹೆಚ್ಚುಕಡಿಮೆ ಒಂದೇ.) ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಹಿಡಿದು ಮೋಟರ್ ಒತ್ತಿ ಬಿಗಿ ಮಾಡಿ, ಪಟ್ಟಿ ಸುತ್ತಿಸಿ ಹೊರತೆಗೆಯಿರಿ. ಪಟ್ಟಿ ನೆರಿಗೆ ಬಿದ್ದಿರಬೇಕು, ಹರಿದಿರಬಾರದು.

ಶಾಕ್ ಎಣ್ಣಿ ಖಾಲಿ ಆಗೇತಿ. ಗ್ಯಾರೇಜಿನಾಗ ಬೈಕಿನ ಫೋರ್ಕ್ ಆಯಿಲ್ ಸಿಗ್ತೈತಿ. ಹಾಕಬಹುದೇನು? ಮತ್ತ ನಮ್ಮ ರಸ್ತೆ ಒರಟ, ಗಾಡಿ ಪುಟಿತೈತಿ.
— ಬ್ಯಾಡಗಿ, ಹಾವೇರಿ ಜಿಲ್ಲೆ

ಹಾಕಬಾರದು. ಶಾಕ್‌ನ ಓ-ರಿಂಗ್ ಸಾಮಾನ್ಯವಾಗಿ ಸಿಲಿಕೋನ್. ಖನಿಜ ತೈಲ ತಾಗಿದರೆ ಅದು ಉಬ್ಬಿ ದಂಡವನ್ನು ಹಿಡಿದುಬಿಡುತ್ತದೆ. ಸಿಲಿಕೋನ್ ಎಣ್ಣೆಯೇ ಬೇಕು. ಬಾಟಲಿ ಮೇಲಿನ ಅಂಕಿ ನೋಡುವಾಗ ಮೋಸ ಹೋಗಬೇಡಿ: ಕೆಲವರು ‘ವೇಟ್’ನಲ್ಲಿ ಬರೆಯುತ್ತಾರೆ, ಕೆಲವರು ಸಿಎಸ್‌ಟಿಯಲ್ಲಿ. ಎರಡೂ ಎಣ್ಣೆ ಎಷ್ಟು ಮಂದ ಎಂಬುದರ ಅಳತೆ. 30 ವೇಟ್ ಅಂದರೆ ಸುಮಾರು 350 ಸಿಎಸ್‌ಟಿ, 40 ವೇಟ್ ಅಂದರೆ ಸುಮಾರು 500. ಚಳಿಗಾಲಕ್ಕೆ 350, ಬೇಸಿಗೆಯ ಮಧ್ಯಾಹ್ನಕ್ಕೆ 400-450 ಎಂದು ಶುರು ಮಾಡಿ. ಕಾವಿಗೆ ಎಣ್ಣೆ ತೆಳ್ಳಗಾಗುವುದರಿಂದ ಈ ವ್ಯತ್ಯಾಸ.

ತುಂಬುವಾಗ ದಂಡವನ್ನು ಪೂರ್ತಿ ಕೆಳಗೆಳೆದು ಎಣ್ಣೆ ಹಾಕಿ, ನಿಧಾನವಾಗಿ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಹತ್ತು ನಿಮಿಷ ನಿಲ್ಲಿಸಿಡಿ. ಪಿಸ್ಟನ್ ಕೆಳಗಿನಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದು ಬರುತ್ತವೆ. ಅವು ನಿಂತ ಮೇಲೆಯೇ ಮುಚ್ಚಳ. ಗಡಿಬಿಡಿ ಮಾಡಿದರೆ ಒತ್ತಿದಾಗ ‘ಪಿಚಕ್’ ಎಂಬ ಸದ್ದು ಬರುತ್ತದೆ, ಅದು ಒಳಗುಳಿದ ಗಾಳಿ. ಪುಟಿಯುವುದಕ್ಕೆ ಅರ್ಧ ಕಾರಣವೂ ಅದೇ ಇರಬಹುದು. ಉಳಿದರ್ಧಕ್ಕೆ: ಕಾರ್ಪೆಟ್‌ನ ಸೆಟಪ್ ಹಾಳೆ ನೋಡಿ ಗಾಡಿಯನ್ನು ನೆಲದಿಂದ 5 ಮಿ.ಮೀ. ಎತ್ತರಕ್ಕೆ ಇಳಿಸಿರುತ್ತೀರಿ. ಒರಟು ಡಾಂಬರಿಗೆ 7 ಇಡಿ, ಸ್ಪ್ರಿಂಗ್ ಒಂದು ಹೆಜ್ಜೆ ಮೆತ್ತಗಿನದು ಹಾಕಿ.

ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಸಿಮೆಂಟ್ ಅಂಗಳ.
— ರಾಣೆಬೆನ್ನೂರು

ಮೊದಲು ಅಂಗಳ ಗುಡಿಸಿ. ತಮಾಷೆಯಲ್ಲ, ಧೂಳಿನ ಸಿಮೆಂಟ್ ಮೇಲೆ ಯಾವ ಸೆಟಪ್ಪೂ ಕೆಲಸ ಮಾಡುವುದಿಲ್ಲ. ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಿಮ್‌ಗೆ ಅಂಟಿಸಿದ ಅಂಚನ್ನು ಹೆಬ್ಬೆರಳಿನಿಂದ ಎಳೆದು ನೋಡಿ. ಎಲ್ಲಾದರೂ ಬಿಟ್ಟಿದ್ದರೆ ಸೂಪರ್ ಗ್ಲೂ ಒಂದು ಹನಿ. ಅಂಟು ಬಿಟ್ಟ ಟೈರು ಶಕ್ತಿ ಕೊಟ್ಟಾಗ ರಿಮ್ ಮೇಲೆ ಜಾರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ.

ಆಮೇಲೂ ಜಾರಿದರೆ, ಈ ಅನುಕ್ರಮದಲ್ಲಿ, ಒಂದು ಸಲಕ್ಕೆ ಒಂದೇ: ಹಿಂದಿನ ಆಂಟಿ ರೋಲ್ ಬಾರ್ ತೆಗೆಯಿರಿ, ಹಿಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ, ಹಿಂದಿನ ಟೋ-ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಕೋನ) 3 ಡಿಗ್ರಿಗೆ ತನ್ನಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಇಎಸ್‌ಸಿಯಲ್ಲಿ (ಮೋಟರಿನ ವೇಗ ನಿಯಂತ್ರಿಸುವ ಡಬ್ಬಿ) ‘ಪಂಚ್’, ಅಂದರೆ ಥ್ರಾಟಲ್ ಕೊಟ್ಟ ಕೂಡಲೇ ಎಷ್ಟು ಜೋರಾಗಿ ಎಳೆಯಬೇಕು ಎಂಬ ಸೆಟ್ಟಿಂಗ್ ಇದ್ದರೆ ಎರಡು ಹೆಜ್ಜೆ ಇಳಿಸಿ. ಅದಕ್ಕೆ ದುಡ್ಡೂ ಬೇಡ.

ಲಿಪೊ ಬ್ಯಾಟರಿ ಉಬ್ಬೇತಿ. ಇನ್ನೂ ಓಡಿಸಬಹುದೇನು?
— ಲಕ್ಷ್ಮೇಶ್ವರ, ಗದಗ ಜಿಲ್ಲೆ

ಓಡಿಸಬೇಡಿ, ಚಾರ್ಜಿಗೂ ಹಾಕಬೇಡಿ, ಚುಚ್ಚಿ ಗಾಳಿ ತೆಗೆಯಲು ಅಂತೂ ಹೋಗಲೇಬೇಡಿ. ಅಂಗಳದಲ್ಲಿ ಉಸುಕು ತುಂಬಿದ ಮಣ್ಣಿನ ಗಡಿಗೆಯಲ್ಲಿಟ್ಟು, 12 ವೋಲ್ಟ್ 21 ವ್ಯಾಟ್‌ನ ಬೈಕ್ ಇಂಡಿಕೇಟರ್ ಬಲ್ಬ್ ಜೋಡಿಸಿ. ಬಲ್ಬ್ ಪೂರ್ತಿ ಆರಿ ಒಂದು ದಿನ ಕಳೆದ ಮೇಲೆ ಇ-ತ್ಯಾಜ್ಯಕ್ಕೆ ಕೊಡಿ. ಹೊಸದಕ್ಕೆ: ಎರಡು ಸೆಲ್ಲಿನದು ಪೂರ್ತಿ ಚಾರ್ಜಿನಲ್ಲಿ 8.40 ವೋಲ್ಟ್, 5000 ಎಂಎಎಚ್ ಇದ್ದರೆ 5 ಆಂಪ್‌ನಲ್ಲಿ, ಬ್ಯಾಲೆನ್ಸ್ ವೈರ್ (ಸೆಲ್ಲುಗಳನ್ನು ಸಮನಾಗಿ ತುಂಬಿಸುವ ಸಣ್ಣ ವೈರ್) ಸಿಕ್ಕಿಸಿಯೇ ಚಾರ್ಜ್. ಭಾನುವಾರದ ಓಟ ಮುಗಿದ ಮೇಲೆ ಮುಂದಿನ ಭಾನುವಾರದವರೆಗೆ ಪೂರ್ತಿ ತುಂಬಿ ಇಡಬೇಡಿ. ಚಾರ್ಜರ್‌ನ ಸ್ಟೋರೇಜ್ ಮೋಡ್‌ನಲ್ಲಿ 7.6 ವೋಲ್ಟ್‌ಗೆ ತಂದಿಡಿ. ನಿಮ್ಮದು ಉಬ್ಬಿದ್ದು ಬಹುಶಃ ತುಂಬಿಟ್ಟು ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟದ್ದಕ್ಕೆ.